ನೀನು ನೀನೇ ಅನ್ನೋದಕ್ಕೆ ಸಾಕ್ಷಿ ಏನು?



ನಮ್ಮ ಜೊತೆ ಒಂದೇ ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ಸಾಲು ನಿಂತು ಬೆಳೆದ ಗೆಳೆಯನೊಬ್ಬನಿಗೆ ಹೋದ ವರ್ಷ ಹೊರದೇಶದ ವಿಶ್ವವಿದ್ಯಾಲಯವೊಂದು ಎಂ.ಎ. ಸೀಟು ಕೊಟ್ಟಿತು. ಪತ್ರ ಬಂದ ರಾತ್ರಿ ನಮ್ಮ ರೂಮಿನಲ್ಲಿ ಯಾರೂ ಮಲಗಲಿಲ್ಲ. ಅವನ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರನ್ನು ಬೆರಳು ಮಡಿಸಿ ಎಣಿಸಬಹುದು. ಹೋಗೋದಕ್ಕೆ ದುಡ್ಡಿಲ್ಲ, ದುಡ್ಡಿಗೆ ಸ್ಕಾಲರ್‌ಶಿಪ್ ಇದೆ, ಅದು ಸಿಕ್ಕರೂ ವಿಮಾನ ಹತ್ತೋದಕ್ಕೆ ಪಾಸ್‌ಪೋರ್ಟ್ ಬೇಕು. 1,500 ರೂಪಾಯಿ ನಾವೆಲ್ಲ ಸೇರಿಸಿ ಕಟ್ಟಿದೆವು. ಅರ್ಜಿ ಹೋಯಿತು. ಒಂದು ತಿಂಗಳು ಕಳೆದ ಮೇಲೆ ಕಾಗದ ಬಂತು. ಪೊಲೀಸ್ ವರದಿ ಅರ್ಜಿದಾರನಿಗೆ ವಿರುದ್ಧವಾಗಿದೆ, ಕೊಟ್ಟ ವಿಳಾಸದಲ್ಲಿ ಇಂಥವನು ವಾಸವಿಲ್ಲ, ಅಕ್ಕಪಕ್ಕದವರಿಗೆ ಇವನ ಪರಿಚಯವಿಲ್ಲ.

ಅವನು ಹುಟ್ಟಿದ ಕೇರಿ ಅದು! ಅವನ ಹೊಕ್ಕಳ ಬಳ್ಳಿ ಹೂತ ಮಣ್ಣು!

ಊರಿನವರದೇ ಕೆಲಸ ಇದು ಅಂತ ನಾವು ತೀರ್ಮಾನ ಮಾಡಿಬಿಟ್ಟೆವು. ಕೇರಿ ಹುಡುಗ ವಿಮಾನ ಹತ್ತುತ್ತಾನೆ ಅಂದರೆ ಯಾರಿಗೆ ತಡೆದೀತು, ಊರ ಮುಂದಿನ ಟೀ ಅಂಗಡಿಯಲ್ಲಿ ಕೂತವರು ಯಾರೋ ಹೇಳಿರಬೇಕು ಅಂದುಕೊಂಡು ಬಸ್ಸು ಹತ್ತಿದೆವು. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆವು ಅಂತ ಒಪ್ಪಿಕೊಳ್ಳಬೇಕು. ಹೋಗಿ ವಿಚಾರಿಸಿದರೆ "ಪರಿಚಯ ಇಲ್ಲ" ಅಂದಿದ್ದು ಅವನ ಸ್ವಂತ ಚಿಕ್ಕಪ್ಪ.

"ಪೊಲೀಸ್ನೋನು ಗಾಡಿ ನಿಲ್ಸಿ, ಕಾಗದ ನೋಡ್ಕಂಡು, ಇಂಥೋನು ಎಲ್ಲವ್ನೆ ಅಂದ. ನಾನೇನ್ ಹೇಳ್ಲಪ್ಪ? ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಸ್ವಾಮಿ ಅಂದೆ. ನಮ್ಮಪ್ಪನ ಕಾಲದಿಂದ್ಲೂ ಹಂಗೇ ಅಲ್ವಾ ಹೇಳ್ಕಂಡು ಬಂದಿರೋದು?"

ನಮಗೆ ಮಾತೇ ಹೊರಡಲಿಲ್ಲ. ಆ ಮುದುಕನ ಮೇಲೆ ಸಿಟ್ಟು ಮಾಡೋದು ಹೇಗೆ? ಖಾಕಿ ಬಟ್ಟೆ ಕೇರಿಗೆ ಬರೋದು ಯಾವಾಗ ಅಂತ ನಮ್ಮ ನಿಮ್ಮೆಲ್ಲರಿಗೂ ಗೊತ್ತು. ತೋಟದಲ್ಲಿ ಕಾಯಿ ಕಳುವಾದರೆ ಬರುತ್ತೆ. ಜಾತ್ರೆಯಲ್ಲಿ ಗಲಾಟೆಯಾದರೆ ಬರುತ್ತೆ, ಏಟು ತಿಂದವರು ನಾವೇ ಆಗಿದ್ದರೂ. ಅಂಥ ಹೊತ್ತಿನಲ್ಲಿ ಹುಡುಗರನ್ನ ಕಾಪಾಡಿದ್ದು "ಗೊತ್ತಿಲ್ಲ ಸ್ವಾಮಿ" ಅನ್ನೋ ಒಂದೇ ಮಾತು. ಮೂರು ತಲೆಮಾರು ಆ ಮಾತಿನ ಹಿಂದೆ ಬಚ್ಚಿಟ್ಟುಕೊಂಡು ಬದುಕಿದೆ. ಈಗ ಅದೇ ಮಾತು ಮನೆಮಗನ ದಾರಿಗೆ ಅಡ್ಡ ಬಿತ್ತು.

ಇನ್ನೊಂದು ವಿಷಯ. ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಪೇದೆ ಓದಿದ್ದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿರುವ ಹೆಸರು. ಆ ಹೆಸರಿನಿಂದ ಅವನನ್ನು ಕೇರಿಯಲ್ಲಿ ಯಾರೂ ಒಂದು ದಿನವೂ ಕರೆದಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ನಾವು ಯೋಚಿಸಿದ್ದು ಇದೇ. ಪಾಸ್‌ಪೋರ್ಟ್ ಅರ್ಜಿ ಎಷ್ಟೇ ಉದ್ದವಿರಲಿ, ಅದು ಕೇಳೋದು ಒಂದೇ ಪ್ರಶ್ನೆ. ನೀನು ನೀನೇ ಅನ್ನೋದಕ್ಕೆ ಸಾಕ್ಷಿ ಏನು? ಈ ಪ್ರಶ್ನೆಗೆ ಕೆಲವರ ಮನೆಯ ಬೀರುವಿನಲ್ಲೇ ಉತ್ತರ ಇರುತ್ತೆ. ಅಜ್ಜನ ಜಮೀನು ಪತ್ರ, ಅಪ್ಪನ ಸರ್ವಿಸ್ ರಿಜಿಸ್ಟರು, ಆಸ್ಪತ್ರೆಯಲ್ಲಿ ಹುಟ್ಟಿದ ಸರ್ಟಿಫಿಕೇಟು, ಎಲ್ಲದರಲ್ಲೂ ಒಂದೇ ಹೆಸರು, ಒಂದೇ ಕಾಗುಣಿತ. ನಮ್ಮದು ಹಾಗಲ್ಲ. ನಮ್ಮ ಮೊದಲ ದಾಖಲೆಯನ್ನ ಬರೆದದ್ದು ನಾವಲ್ಲ, ನಮ್ಮಪ್ಪ ಅಮ್ಮನೂ ಅಲ್ಲ.

ಹೆಸರಿನಿಂದಲೇ ಶುರು ಮಾಡೋಣ. ಮನೆಯಲ್ಲಿ ಇಟ್ಟ ಹೆಸರು ಕೆಂಚ, ಮಾರ, ಚಿಕ್ಕತಾಯಿ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಮುಖ ಕಿವುಚಿ, "ಇದ್ಯಾವ ಹೆಸರಯ್ಯ" ಅಂತ ತಮಗೆ ಹೊಳೆದ ದೇವರ ಹೆಸರೊಂದನ್ನ ಬರೆದುಕೊಂಡರು. ಕೆಲವರು ಒಳ್ಳೇದಾಗಲಿ ಅಂತಲೇ ಬರೆದಿದ್ದಾರೆ, ಇಲ್ಲ ಅನ್ನೋದಿಲ್ಲ. ಹಿಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಹಳೇ ಮೈಸೂರಿನ ಕಡೆ ಇಷ್ಟೇ ನಮ್ಮ ಹೆಸರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯೋದಿಲ್ಲ, ಬಿಡಿಸಿ ಬರೆಯಬೇಕು. ಅಡ್ಡಹೆಸರಿಗೆ ಬೇರೆ ಕಲಂ, ಕೊಟ್ಟ ಹೆಸರಿಗೆ ಬೇರೆ ಕಲಂ. ನಮಗೆ ಅಡ್ಡಹೆಸರು ಎಲ್ಲಿಂದ ಬರಬೇಕು? ಅಪ್ಪನ ಹೆಸರನ್ನ ಅಲ್ಲಿ ತುಂಬಿದರೆ ವಿದೇಶದಲ್ಲಿ ಎಲ್ಲರೂ ಮಗನನ್ನ ಅಪ್ಪನ ಹೆಸರು ಹಿಡಿದು ಕರೀತಾರೆ. ಊರ ಹೆಸರು ತುಂಬಿದರೆ, ಯಾವ ಊರು ನಮ್ಮನ್ನ ಹೊರಗಿಟ್ಟಿತ್ತೋ ಅದೇ ನಮ್ಮ ವಂಶದ ಹೆಸರಾಗುತ್ತೆ! ಬೇಡ ಅಂತ ಖಾಲಿ ಬಿಟ್ಟರೂ ತೊಂದರೆ ತಪ್ಪಿದ್ದಲ್ಲ. ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಅಮೆರಿಕದವರು ವೀಸಾ ಕೊಡುವಾಗ ಇದ್ದೊಂದು ಹೆಸರನ್ನ ಅಡ್ಡಹೆಸರಿನ ಜಾಗಕ್ಕೆ ತಳ್ಳಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಮೂರಕ್ಷರ ಹಾಕ್ತಾರೆ. ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ "ಮಿಸ್ಟರ್ ಎಫ್‌ಎನ್‌ಯು" ಅಂತ ಕೂಗಿದರೆ ನಮ್ಮ ಹುಡುಗ ಎದ್ದು ನಿಲ್ಲಬೇಕು. 2022ರ ನವೆಂಬರಿನಲ್ಲಿ ಯುಎಇ ಸರ್ಕಾರ ಒಂದೇ ಹೆಸರಿನ ಪಾಸ್‌ಪೋರ್ಟ್ ಇಟ್ಟುಕೊಂಡು ಭೇಟಿ ವೀಸಾದಲ್ಲಿ ಬಂದವರನ್ನ ಒಳಗೆ ಬಿಡೋದಿಲ್ಲ ಅಂದಿತು. ಆಮೇಲೆ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಆಗಬಹುದು ಅಂತ ಸಡಿಲಿಸಿತು.

ಉತ್ತರ ಕರ್ನಾಟಕದ ಗೆಳೆಯರ ಕಷ್ಟ ಬೇರೆ. ಅವರಿಗೆ ಅಡ್ಡಹೆಸರು ಇದೆ. ಮಾದರ, ಚಲವಾದಿ, ಹರಿಜನ. ಜಾತಿ ಬರೆಯುವ ಜಾಗ ಬೇರೆ ಇದ್ದರೂ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರಿನ ಜಾಗದಲ್ಲೂ ಅದೇ ಬಂದು ಕೂತಿದೆ. "ಹರಿಜನ" ಅನ್ನುವ ಪದವನ್ನ ಜಾತಿ ಸರ್ಟಿಫಿಕೇಟಿನಲ್ಲಿ ಬರೀಬೇಡಿ ಅಂತ ಕೇಂದ್ರದ ಗೃಹ ಮಂತ್ರಾಲಯ 1982ರಲ್ಲೇ ರಾಜ್ಯಗಳಿಗೆ ಸುತ್ತೋಲೆ ಕಳಿಸಿದೆ. ಸರ್ಕಾರವೇ ಬೇಡ ಅಂದ ಹೆಸರನ್ನ ಒಬ್ಬ ಹುಡುಗ ಪಾಸ್‌ಪೋರ್ಟಿನಲ್ಲಿ ಹೊತ್ತುಕೊಂಡು ದೇಶ ದೇಶ ತಿರುಗಬೇಕು. ಅಲ್ಲಿನ ಬಿಳಿಯರಿಗೆ ಆ ಪದದ ಅರ್ಥ ಗೊತ್ತಾಗೋದಿಲ್ಲ, ನಿಜ. ಅದೇ ಸಾಲಿನಲ್ಲಿ ಹಿಂದೆ ನಿಂತ ನಮ್ಮ ದೇಶದವರಿಗೆ ಗೊತ್ತಾಗುತ್ತೆ. ಮಾದರ, ಚಲವಾದಿ ಅಂತ ಎದೆ ಮೇಲೆ ಬರೆದುಕೊಂಡು ಹೆಮ್ಮೆಯಿಂದ ತಿರುಗುವ ಗೆಳೆಯರಿದ್ದಾರೆ, ಅವರಿಗೆ ನಮ್ಮ ನಮಸ್ಕಾರ. ಅದು ಅವರು ಆರಿಸಿಕೊಂಡದ್ದು. ಬೇಡ ಅನ್ನುವವನು ಅಫಿಡವಿಟ್ ಮಾಡಿಸಿ, ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಎಲ್ಲ ಕಾಗದಗಳನ್ನೂ ತಿದ್ದಿಸಿಕೊಂಡು ಬರಬೇಕು. ಗುಮಾಸ್ತ ಒಂದು ಗಳಿಗೆಯಲ್ಲಿ ಬರೆದದ್ದನ್ನ ಅಳಿಸೋದಕ್ಕೆ ಇವನಿಗೆ ಒಂದು ವರ್ಷ.

ಇನ್ನು ಹುಟ್ಟಿದ ದಿನ. ನಮ್ಮ ಹಾಸ್ಟೆಲಿನಲ್ಲಿ ಜೂನ್ 1ನೇ ತಾರೀಕು ಎಷ್ಟು ಜನರ ಹುಟ್ಟುಹಬ್ಬ ಅಂತ ಒಮ್ಮೆ ಲೆಕ್ಕ ಹಾಕಿದೆವು. ಅರ್ಧ ಹಾಸ್ಟೆಲ್ ಅವತ್ತೇ ಹುಟ್ಟಿದೆ! ಬಲಗೈಯನ್ನ ತಲೆ ಮೇಲಿಂದ ಬಳಸಿ ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತು, ಶಾಲೆಗೆ ಸೇರಿಸಬಹುದು ಅಂತ ಮೇಷ್ಟ್ರು ಲೆಕ್ಕ. ಶಾಲೆ ಶುರುವಾಗೋದು ಜೂನಿನಲ್ಲಿ, ಆರು ವರ್ಷ ಹಿಂದಕ್ಕೆ ಎಣಿಸಿದರೆ ಜೂನ್ 1. ಅವ್ವನನ್ನ ಕೇಳಿದರೆ "ರಾಗಿ ಕುಯ್ಲಲ್ಲಿ ಹುಟ್ಟಿದ್ದು ಕಣಪ್ಪ, ಆ ವರ್ಷ ಕೆರೆ ಕೋಡಿ ಬಿದ್ದಿತ್ತು" ಅಂತಾಳೆ. ಅವ್ವ ಹೇಳೋದು ನಿಜ, ಕಾಗದ ಹೇಳೋದು ಸುಳ್ಳು. ಅರ್ಜಿಗೆ ಬೇಕಾದದ್ದು ಕಾಗದ. ಕೊನೆಗೆ ಸಹಿ ಹಾಕುವಾಗ ಮೇಲೆ ಹೇಳಿದ್ದೆಲ್ಲ ಸತ್ಯ ಅಂತ ನಾವೇ ಘೋಷಿಸಬೇಕು. ಪಾಸ್‌ಪೋರ್ಟ್ ಕಾಯಿದೆಯ 12ನೇ ಕಲಮಿನ ಪ್ರಕಾರ ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಎರಡು ವರ್ಷದವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಗೆಳೆಯ ಈ ಸಾಲು ಓದಿ ಪೆನ್ನು ಕೆಳಗಿಟ್ಟ. "ಲೋ, ನಂಗೆ ಗೊತ್ತಲ್ಲ ಇದು ಸುಳ್ಳು ಅಂತ" ಅಂದ. ಎಲ್ಲರೂ ನಕ್ಕೆವು. ಅವನೊಬ್ಬ ನಗಲಿಲ್ಲ. ಭಯ ಪಡಬೇಡ, ಸರ್ಕಾರದ ದಾಖಲೆಯಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರೆದವನು ಮೋಸಗಾರ ಅಲ್ಲ ಅಂತ ಗೊತ್ತಿದ್ದವರಿಂದ ಹೇಳಿಸಬೇಕಾಯಿತು.

ನಮ್ಮ ಅಣ್ಣಂದಿರ ಕಾಲ ಇದಕ್ಕಿಂತ ಕಠಿಣವಾಗಿತ್ತು. 1989ರ ಜನವರಿ 26ರ ದಿನ ಅಥವಾ ಆಮೇಲೆ ಹುಟ್ಟಿದವರು ಜನನ ಪ್ರಮಾಣಪತ್ರವನ್ನೇ ಕೊಡಬೇಕು, ಬೇರೇನೂ ನಡೆಯೋದಿಲ್ಲ ಅಂತ ನಿಯಮ ಇತ್ತು. ಕೇರಿಯ ಗುಡಿಸಲಿನಲ್ಲಿ ಸೂಲಗಿತ್ತಿಯ ಕೈಲಿ ಹುಟ್ಟಿದವನಿಗೆ ಎಲ್ಲಿಯ ಪ್ರಮಾಣಪತ್ರ? ವರ್ಷ ದಾಟಿದ ಜನನವನ್ನ ನೋಂದಾಯಿಸಬೇಕಾದರೆ 1969ರ ಕಾಯಿದೆಯಂತೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಿತ್ತು. ಹುಟ್ಟಿದ್ದೇನೆ ಅನ್ನೋದನ್ನ ಕೋರ್ಟಿನಲ್ಲಿ ಹೇಳಿ ಒಪ್ಪಿಸಬೇಕು, ಕಟಕಟೆಯಲ್ಲಿ ಜೀವಂತ ನಿಂತಿದ್ದರೂ! 2016ರ ಡಿಸೆಂಬರಿನಲ್ಲಿ ಈ ನಿಯಮ ಸಡಿಲವಾಯಿತು. ಟಿ.ಸಿ., ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಚುನಾವಣಾ ಗುರುತಿನ ಚೀಟಿ ಯಾವುದಾದರೂ ಆಗುತ್ತೆ ಅಂದರು. ನಾವು ಅದರ ಫಲ ಉಣ್ಣುತ್ತಿದ್ದೇವೆ. ಆದರೆ ನಮ್ಮ ಅಕ್ಕಂದಿರ ಮಕ್ಕಳಿಗೆ ಈ ಬಾಗಿಲು ಮತ್ತೆ ಮುಚ್ಚಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರ ಒಂದೇ ಸಾಕ್ಷಿ ಅಂತ 2025ರ ಫೆಬ್ರವರಿಯಲ್ಲಿ ನಿಯಮ ತಿದ್ದಿದ್ದಾರೆ. ಊರಿಗೆ ಹೋದಾಗ ಬಾಣಂತಿ ಮನೆಗಳಿಗೆ ಹೋಗಿ ಕೇಳಿ. ಇಪ್ಪತ್ತೊಂದು ದಿನದೊಳಗೆ ಬರೆಸಿದರೆ ದುಡ್ಡು ಕೊಡೋ ಹಾಗಿಲ್ಲ.

ಅಪ್ಪ ಅಮ್ಮನ ಹೆಸರಿನ ಕಲಂ ಬಂದಾಗ ನಮ್ಮ ಗೆಳೆಯ ಅವ್ವನ ಕಾಗದಗಳನ್ನ ಹರಡಿಕೊಂಡು ಕೂತ. ಆಧಾರಿನಲ್ಲಿ ಸಿದ್ದಮ್ಮ, ರೇಷನ್ ಕಾರ್ಡಿನಲ್ಲಿ ಚಿಕ್ಕಸಿದ್ದಮ್ಮ, ಇವನ ಟಿ.ಸಿ.ಯಲ್ಲಿ ಸಿದ್ದಾಜಮ್ಮ. ಅವ್ವ ಒಬ್ಬಳೇ! ಮೂರು ಮೇಜಿನ ಮುಂದೆ ನಿಂತು ಅದೇ ಬಾಯಲ್ಲಿ ಅದೇ ಹೆಸರು ಹೇಳಿದ್ದಾಳೆ, ಮೂವರು ಮೂರು ಥರ ಕೇಳಿಸಿಕೊಂಡಿದ್ದಾರೆ. ತಿದ್ದಿಸೋ ಕೂಲಿ ಮಾತ್ರ ಅವಳದು. ಇದೇ ಅವ್ವನ ಹೆಬ್ಬೆಟ್ಟು ನ್ಯಾಯಬೆಲೆ ಅಂಗಡಿಯ ಮಿಷಿನ್ನಿಗೆ ಎಷ್ಟೋ ಸಲ ಹಿಡಿಯೋದಿಲ್ಲ. ಕಳೆ ಕಿತ್ತು, ಕಲ್ಲು ಹೊತ್ತು ಬೆರಳಿನ ಗೆರೆಗಳೇ ಸವೆದುಹೋಗಿವೆ.

ಅಪ್ಪನ ಹೆಸರೇ ಬರೆಯಲಾಗದವರೂ ನಮ್ಮೊಳಗಿದ್ದಾರೆ. ದೇವದಾಸಿ ಬಿಡುವ ಪದ್ಧತಿಯನ್ನ ಕರ್ನಾಟಕ ಕಾನೂನು ಮಾಡಿ ನಿಷೇಧಿಸಿದ್ದು 1982ರಲ್ಲಿ. ಆ ತಾಯಂದಿರ ಮಕ್ಕಳು ಹಾಸ್ಟೆಲಿನಲ್ಲಿ ಅರ್ಜಿ ತುಂಬುವಾಗ ಆ ಒಂದು ಕಲಂ ಹತ್ತಿರ ಬಂದು ಕೈ ನಿಲ್ಲಿಸಿ, ಪಕ್ಕದವನು ನೋಡ್ತಾನಾ ಅಂತ ನೋಡೋದನ್ನ ನಾವು ಕಂಡಿದ್ದೇವೆ. ಅವರಿಗೆ ಈ ಮಾತು ಗಟ್ಟಿಯಾಗಿ ಹೇಳಬೇಕು. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಾಯಿ ತಂದೆ ಇಬ್ಬರಲ್ಲಿ ಒಬ್ಬರ ಹೆಸರು ಕೊಟ್ಟರೆ ಸಾಕು ಅಂತ 2016ರ ಆ ನಿಯಮದಲ್ಲೇ ಇದೆ. ಅದೇ ನಿಯಮದಲ್ಲಿ ಸಾಧು ಸನ್ಯಾಸಿಗಳು ತಂದೆ ತಾಯಿ ಬದಲು ಗುರುವಿನ ಹೆಸರು ಬರೆಯಬಹುದು ಅಂತಲೂ ಇದೆ. ಸಂಸಾರ ಬಿಟ್ಟವರಿಗೆ ಕೊಟ್ಟ ಅನುಕೂಲ ಅದು. ಸಂಸಾರವನ್ನೇ ಕಾಣದ ಹಾಗೆ ಮಾಡಿಸಿಕೊಂಡವರ ಮಕ್ಕಳಿಗೆ ತಾಯಿ ಹೆಸರು ಸಾಕು. "ಅಪ್ಪನ ಹೆಸರು ಹೇಳು" ಅಂತ ಕೌಂಟರಿನಲ್ಲಿ ಯಾರಾದರೂ ಗದರಿದರೆ ತಲೆ ತಗ್ಗಿಸಬೇಕಾದವರು ಗದರಿದವರು.

ವಿಳಾಸದ ವಿಷಯ ಹೆಚ್ಚು ಬೆಳೆಸೋದಿಲ್ಲ. ಕಾಲೋನಿಯ ಮನೆಗಳಿಗೆ ನಂಬರಿಲ್ಲ, ಹಲವರಿಗೆ ಹಕ್ಕುಪತ್ರವಿಲ್ಲ. ಹಾಸ್ಟೆಲಿನಲ್ಲಿರುವವರು ಕಾಲೇಜಿನಿಂದ ವ್ಯಾಸಂಗ ಪ್ರಮಾಣಪತ್ರ ತಂದು ಇಲ್ಲಿಯ ವಿಳಾಸದಲ್ಲೇ ಅರ್ಜಿ ಹಾಕಬಹುದು. ನಮ್ಮ ಗೆಳೆಯನಿಗೆ ಆಗ ಇದು ಗೊತ್ತಿರಲಿಲ್ಲ, ಊರಿನದು ಕೊಟ್ಟ. ಊರಿನದು ಕೊಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ, ನಮ್ಮ ಊರು ನಮ್ಮದೇ, ಆದರೆ ದಾರಿ ಎರಡಿದೆ ಅಂತ ತಿಳಿದಿರಲಿ.

ಕೆಲವು ಗೆಳೆಯರು ನಮ್ಮನ್ನ ಕೇಳಿದರು. ಕೇರಿಯಲ್ಲಿ ಕುಡಿಯೋ ನೀರಿಲ್ಲ, ಸ್ಮಶಾನಕ್ಕೆ ಜಾಗವಿಲ್ಲ, ನೀವು ಪಾಸ್‌ಪೋರ್ಟಿನ ಮೇಲೆ ಬರೀತೀರಲ್ಲ, ಅದು ಉಳ್ಳವರ ವಸ್ತು ಅಲ್ಲವೆ? ನ್ಯಾಯವಾದ ಪ್ರಶ್ನೆ. ನಾವೂ ಹಾಗೇ ಅಂದುಕೊಂಡಿದ್ದೆವು. ಕೋರ್ಟಿನ ಚರಿತ್ರೆ ನೋಡಿದರೂ ಹಾಗೇ ಕಾಣುತ್ತೆ. ಹೊರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಸೇರಿದೆ ಅಂತ ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದ್ದು ಸತ್ವಂತ್ ಸಿಂಗ್ ಸಾಹ್ನಿ ಅನ್ನುವ ವ್ಯಾಪಾರಗಾರರ ಮೊಕದ್ದಮೆಯಲ್ಲಿ. ಅಲ್ಲಿಯವರೆಗೆ ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಮರ್ಜಿ. ಆ ತೀರ್ಪಿನಿಂದಾಗಿ ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನ ಕಾರಣ ಹೇಳದೆ ಕಿತ್ತುಕೊಂಡರು, 1978ರ ಜನವರಿ 25ರಂದು ಏಳು ನ್ಯಾಯಾಧೀಶರು ಕೂತು, ಹಾಗೆ ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ, ಕಾನೂನಿನ ಕ್ರಮ ನ್ಯಾಯವಾಗಿ ಇರಬೇಕು ಅಂದರು. ವ್ಯಾಪಾರಿಯದು ಒಂದು, ಪ್ರಧಾನಿಯಾಗಿದ್ದವರ ಸೊಸೆಯದು ಒಂದು. ದೊಡ್ಡಮನೆಯವರ ಜಗಳದಲ್ಲಿ ಹುಟ್ಟಿದ ಹಕ್ಕು. ಹುಟ್ಟಿದ ಮೇಲೆ ಅದು ಅವರೊಬ್ಬರದೇ ಅಲ್ಲ.

ಪಾಸ್‌ಪೋರ್ಟ್ ಉಳ್ಳವರ ವಸ್ತು ಅನ್ನುವವರು ಗಲ್ಫಿಗೆ ಹೊರಟ ಗಾರೆ ಕೆಲಸದವರನ್ನ, ಮನೆಗೆಲಸದ ಹೆಂಗಸರನ್ನ ನೋಡಬೇಕು. ಹತ್ತನೇ ಕ್ಲಾಸು ಪಾಸಾಗದವರು ಗಲ್ಫ್ ಮುಂತಾದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯಂತೆ ಅನುಮತಿ ಪಡೆಯಬೇಕು. ಅವರ ಪಾಸ್‌ಪೋರ್ಟಿಗೆ ಆ ಗುರುತು ಬೀಳುತ್ತೆ. ಏಜೆಂಟರ ಮೋಸದಿಂದ ಕಾಪಾಡೋದಕ್ಕೆ ಅಂತ ಮಾಡಿದ್ದು, ಉದ್ದೇಶ ಕೆಟ್ಟದ್ದಲ್ಲ. ಆದರೆ 2018ರ ಜನವರಿಯಲ್ಲಿ ದೆಹಲಿಯವರಿಗೆ ಹೊಸ ಯೋಚನೆ ಬಂತು. ಇಂಥವರ ಪಾಸ್‌ಪೋರ್ಟಿಗೆ ನೀಲಿ ಬದಲು ಕಿತ್ತಳೆ ಬಣ್ಣದ ರಟ್ಟು ಹಾಕ್ತೀವಿ ಅಂದರು. ಓದಿದವರಿಗೆ ನೀಲಿ, ಓದದವರಿಗೆ ಕಿತ್ತಳೆ! ಕೊರಳಿಗೆ ಮಡಕೆ ಕಟ್ಟಿದ್ದ ನಾಡು ಇದು, ನಮಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ದೇಶದ ತುಂಬ ಜನ ಕೂಗೆಬ್ಬಿಸಿದರು. ತಿಂಗಳು ಮುಗಿಯುವ ಮೊದಲೇ, ಜನವರಿ 30ಕ್ಕೆ, ಆ ಯೋಚನೆ ವಾಪಸಾಯಿತು.

ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದಾಗ ಇಷ್ಟೆಲ್ಲ ಕಾಗದ ಇರಲಿಲ್ಲ. ಪಾಸ್‌ಪೋರ್ಟ್ ಕಡ್ಡಾಯ ಅನ್ನೋದು ಈ ದೇಶಕ್ಕೆ ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ, ಅದಕ್ಕೊಂದು ಕಾಯಿದೆ ಆದದ್ದು 1920ರಲ್ಲಿ. ಅಲ್ಲಿ ಓದಿ, ಲಂಡನ್ನಿಗೂ ಹೋಗಿ, 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದರೆ ಇರೋದಕ್ಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದ ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ ಒಳಗೆ ಹೋದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ನೀನು ಯಾರು ಅಂತ ಕೇಳಿದರು. ಈ ಸಂಗತಿ ಬರೆದಿಟ್ಟ ನೆನಪುಗಳಿಗೆ ಅವರು ಕೊಟ್ಟ ಹೆಸರು ವೀಸಾಕ್ಕೆ ಕಾಯುವುದರ ಬಗ್ಗೆ ಇದೆ. ಅದರೊಳಗಿನ ಗಡಿಗಳೆಲ್ಲ ಈ ದೇಶದ ಒಳಗಿನವು, ಕೊಳದ ಕಟ್ಟೆ, ರೈಲ್ವೆ ಸ್ಟೇಷನ್ನು, ಎತ್ತಿನ ಗಾಡಿ. ನಮಗೂ ಎರಡು ಕೆಲಸ ಬಿದ್ದಿದೆ. ಬೆಂಗಳೂರಿನಲ್ಲಿ ಬಾಡಿಗೆ ರೂಮು ಕೇಳುವಾಗ ಯಾರು ಅನ್ನೋದನ್ನ ಮುಚ್ಚಿಡಬೇಕು, ಪಾಸ್‌ಪೋರ್ಟ್ ಕೌಂಟರಿನ ಮುಂದೆ ಅದನ್ನೇ ಬಿಚ್ಚಿ ತೋರಿಸಬೇಕು.

ಪರಿಶೀಲನೆಯೇ ಬೇಡ ಅಂತ ನಾವು ಹೇಳ್ತಿಲ್ಲ. ಸುಳ್ಳು ಹೆಸರಲ್ಲಿ ಪಾಸ್‌ಪೋರ್ಟ್ ಮಾಡಿಸಿ ಬ್ಯಾಂಕಿನ ಸಾಲ ಮುಳುಗಿಸಿ ಓಡಿಹೋಗುವವರು ಇರಬಹುದು, ಆದರೆ ನಮಗೆ ಗೊತ್ತಿರುವ ಮಟ್ಟಿಗೆ ದೊಡ್ಡ ದೊಡ್ಡ ಸಾಲಗಾರರು ಓಡಿಹೋದದ್ದು ನಿಜವಾದ ಹೆಸರಿನಲ್ಲೇ. ನಮ್ಮ ತಕರಾರು ಇಷ್ಟು. ಬರೆದವರು ಸರ್ಕಾರದ ಮೇಷ್ಟ್ರು, ಸರ್ಕಾರದ ಗುಮಾಸ್ತರು. ಅವರ ಮೂರು ಕಾಗದ ಒಂದಕ್ಕೊಂದು ತಾಳೆಯಾಗದಿದ್ದರೆ ಕಳ್ಳನ ಹಾಗೆ ನಿಲ್ಲಬೇಕಾದವರು ನಾವ್ಯಾಕೆ? ಶಾಲೆ, ಆಹಾರ ಇಲಾಖೆ, ಆಧಾರ್ ಮೂರೂ ಕಡೆಯವರು ತಾಲ್ಲೂಕಿನಲ್ಲಿ ಒಂದೇ ದಿನ ಒಂದೇ ಮೇಜಿಗೆ ಕೂತು, ತಮ್ಮ ಕೈಬರಹದ ತಪ್ಪನ್ನ ತಾವೇ ಪುಕ್ಕಟೆ ತಿದ್ದಿಕೊಡಲಿ. ಪೊಲೀಸಿನವರು ಕೇರಿಗೆ ಬಂದಾಗ ಯಾಕೆ ಬಂದಿದ್ದೇವೆ ಅಂತ ಮೊದಲು ಹೇಳಲಿ. "ನಿಮ್ಮ ಹುಡುಗ ಓದೋಕೆ ಹೊರದೇಶಕ್ಕೆ ಹೋಗ್ತಾನಂತೆ, ಅವನು ನಿಮ್ಮವನೇ ತಾನೆ?" ಇಷ್ಟು ಕೇಳಿದ್ದರೆ ಕೇರಿಗೆ ಕೇರಿಯೇ ಹೌದು ಅಂತಿತ್ತು.

ನಾವು ಬಿ.ಎ. ಓದಿದವರು, ಪದ್ಯ ಬರೆಯೋರು, ಕಾನೂನು ಓದಿದವರಲ್ಲ. ಆದರೂ ಈ ಅಲೆದಾಟದಲ್ಲಿ ತಿಳಿದದ್ದು ಕೆಲವಿದೆ. ಪೊಲೀಸ್ ವಿಚಾರಣೆಗೆ ಅಂತ ಅರ್ಜಿದಾರ ಠಾಣೆಯಲ್ಲಿ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ, "ಟೀ ಖರ್ಚು" ಅನ್ನೋದು ಯಾವ ಕಾಯಿದೆಯಲ್ಲೂ ಇಲ್ಲ. ವರದಿ ವಿರುದ್ಧ ಬಂದರೆ ಕೈ ಚೆಲ್ಲಬೇಡಿ. ವಿವರಣೆ ಬರೆದು, ದಾಖಲೆ ಲಗತ್ತಿಸಿ, ಇನ್ನೊಂದು ಸಲ ವಿಚಾರಣೆ ಮಾಡಿಸಿ ಅಂತ ಕೇಳಬಹುದು. ಪಾಸ್‌ಪೋರ್ಟ್ ನಿರಾಕರಿಸಿದರೆ ಕಾರಣವನ್ನ ಬರೆದೇ ಇಡಬೇಕು, ಕೇಳಿದರೆ ಅದರ ಪ್ರತಿ ಕೊಡಬೇಕು, ಮೇಲ್ಮನವಿಗೂ 11ನೇ ಕಲಮಿನಲ್ಲಿ ದಾರಿ ಇದೆ. ಹೋರಾಟಕ್ಕೆ ಹೋಗಿ ಕೇಸು ಹಾಕಿಸಿಕೊಂಡ ಗೆಳೆಯರು ನಮ್ಮ ಕಥೆ ಮುಗೀತಾ ಅಂತ ಕೇಳ್ತಾರೆ. ಮುಗಿದಿಲ್ಲ. ಕ್ರಿಮಿನಲ್ ಮೊಕದ್ದಮೆ ಕೋರ್ಟಿನಲ್ಲಿ ಬಾಕಿ ಇದ್ದರೆ ನಿರಾಕರಿಸಬಹುದು ಅಂತ 6ನೇ ಕಲಂ ಹೇಳುತ್ತೆ, ಆದರೆ ಬರೀ ಎಫ್‌ಐಆರ್ ಇದ್ದ ಮಾತ್ರಕ್ಕೆ ಅದು ಬಾಕಿ ಮೊಕದ್ದಮೆ ಆಗೋದಿಲ್ಲ ಅಂತ ಹೈಕೋರ್ಟುಗಳು ಹೇಳಿವೆ. ಮೊಕದ್ದಮೆಯೇ ನಡೆಯುತ್ತಿದ್ದರೂ ಆ ಕೋರ್ಟಿನ ಅನುಮತಿ ತಂದರೆ ಪಾಸ್‌ಪೋರ್ಟ್ ಪಡೆಯುವ ದಾರಿ 1993ರ ಅಧಿಸೂಚನೆಯಲ್ಲಿದೆ. ಅರ್ಜಿಯಲ್ಲಿ ಮಾತ್ರ ಮುಚ್ಚಿಡಬೇಡಿ, ಹೋರಾಟದ ಕೇಸು ನಾಚಿಕೆಯ ವಿಷಯ ಅಲ್ಲ. ಇಬ್ಬರು ಪರಿಚಿತರ ಹೆಸರು ಕೊಡುವ ಜಾಗದಲ್ಲಿ ಊರ ಯಜಮಾನರನ್ನೇ ಹಾಕಬೇಕು ಅಂತೇನೂ ಇಲ್ಲ. ಕೇರಿಯ ಅಂಗನವಾಡಿ ಅಕ್ಕನ ಹೆಸರು ಹಾಕಿ. ಹಾಕಿದ ಮೇಲೆ ಅವರಿಗೆ ಹೇಳಿ.

ಇನ್ನೊಂದು ಮಾತು. ಸೀಟು ಸಿಕ್ಕಿದ ಮೇಲೆ ಪಾಸ್‌ಪೋರ್ಟಿಗೆ ಓಡಬೇಡಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ, ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರದವರು 2022ರಲ್ಲಿ ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜದ ಬಗ್ಗೆ ಸಂಶೋಧನೆ ಮಾಡೋರಿಗೆ ಇದು ಕೊಡೋದಿಲ್ಲ ಅಂತ ಸೇರಿಸಿದರು. ಜಾತಿಯ ಬಗ್ಗೆ ಹೊರದೇಶದಲ್ಲಿ ಕೂತು ಓದಬಾರದಂತೆ, ಅದರ ಬಗ್ಗೆ ಬೇರೆ ದಿನ ಬರೀತೀವಿ. ಯಾವುದಕ್ಕೇ ಹೊರಡಲಿ, ಹೊತ್ತಿಗೆ ಸರಿಯಾಗಿ ಕೈಲಿ ಪಾಸ್‌ಪೋರ್ಟ್ ಇಲ್ಲದೆ ಕೂತವರಲ್ಲಿ ನಮ್ಮ ಗೆಳೆಯ ಮೊದಲನೆಯವನಲ್ಲ.

ಅವನ ಎರಡನೇ ವಿಚಾರಣೆಗೆ ಮೊದಲು ನಾವು ನಾಲ್ಕು ಜನ ಮತ್ತೆ ಕೇರಿಗೆ ಹೋಗಿ ಮನೆ ಮನೆಗೆ ಹೇಳಿ ಬಂದೆವು. ಅವನ ಶಾಲೆ ಹೆಸರನ್ನ ಚಿಕ್ಕಪ್ಪನಿಗೆ ಬಾಯಿಪಾಠ ಮಾಡಿಸಿದೆವು. ಪೇದೆ ಬಂದ ದಿನ ಚಿಕ್ಕಪ್ಪ ಹೆಸರು ಸರಿಯಾಗೇ ಹೇಳಿದನಂತೆ, ಆದರೆ ಹೇಳುವಾಗ ಎದ್ದು ನಿಂತು ಟವಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದನಂತೆ. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಬಂತು. ಅಷ್ಟರಲ್ಲಿ ಅಲ್ಲಿ ಕ್ಲಾಸು ಶುರುವಾಗಿ ಆರು ವಾರವಾಗಿತ್ತು. ವಿಶ್ವವಿದ್ಯಾಲಯದವರು ಸೀಟನ್ನ ಒಂದು ವರ್ಷ ಮುಂದಕ್ಕೆ ಹಾಕಿದ್ದಾರೆ, ಸ್ಕಾಲರ್‌ಶಿಪ್ಪಿಗೆ ಹೊಸದಾಗಿ ಅರ್ಜಿ ಹಾಕಬೇಕು. ಅವನೀಗ ಒಂದು ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳ್ತಿದ್ದಾನೆ. ಊರಿಗೆ ಹೋದಾಗ ಚಿಕ್ಕಪ್ಪ ಆ ನೀಲಿ ಪುಸ್ತಕ ಕೇಳಿ ಇಸಕೊಂಡು, ನಮ್ಮೂರ ಹೆಸರು ಎಲ್ಲೈತೆ ತೋರಿಸ್ಲಾ ಅಂದನಂತೆ. ಹುಟ್ಟಿದ ಸ್ಥಳ ಅನ್ನೋ ಜಾಗದಲ್ಲಿ ಇದೆ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಾಸ್ಟೆಲಿನ ಓದುವ ಕೋಣೆಯಲ್ಲಿ ಸೇರುತ್ತೇವೆ. ನಿಮ್ಮ ಟಿ.ಸಿ., ಮಾರ್ಕ್ಸ್ ಕಾರ್ಡ್, ಆಧಾರ್, ಜೊತೆಗೆ ಅವ್ವ ಅಪ್ಪನ ಕಾಗದಗಳ ಜೆರಾಕ್ಸ್ ತನ್ನಿ. ಯಾವುದರಲ್ಲಿ ಏನು ತಪ್ಪಿದೆ ಅಂತ ಕೂತು ನೋಡೋಣ. ಅಫಿಡವಿಟ್ ಬರೆಯೋಕೆ ಕಾನೂನು ಕಾಲೇಜಿನ ಇಬ್ಬರು ಗೆಳೆಯರು ಬರ್ತಾರೆ, ದುಡ್ಡು ತೆಗೆದುಕೊಳ್ಳೋದಿಲ್ಲ. ಕಿರಿಯ ಹುಡುಗರನ್ನೂ ಕರೆದುಕೊಂಡು ಬನ್ನಿ, ಅವರ ಕಾಗದದಲ್ಲಿ ತಿದ್ದೋದು ಇನ್ನೂ ಸುಲಭ.